ಬೂಸ್ಟು ಹಿಡಿದ ಎರಡನೇ ಡಿವಿಡಿ: ಮಂಗಳೂರಿನ ಒಂದು ಫ್ಲೈಟ್ ಸಿಮ್ ಬಳಗದ ಪ್ರಕರಣ

ಮಂಗಳೂರಿನಲ್ಲಿ ನಾವು ಒಂಬತ್ತು ಜನ ಇದ್ದೆವು. ಒಂಬತ್ತೂ ಜನಕ್ಕೆ ಫ್ಲೈಟ್ ಸಿಮ್ಯುಲೇಟರ್, ಅಂದರೆ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಆಟದ ಹುಚ್ಚು. 2015ರ ಮಳೆಗಾಲದಲ್ಲಿ ನಮ್ಮ ಮುಂದೆ ಒಂದು ಪ್ರಶ್ನೆ ಬಂತು: ಡಿಸ್ಕ್‌ನಲ್ಲಿರುವ ಆಟ ಬಿಟ್ಟು ಡೌನ್‌ಲೋಡ್ ಆಟಕ್ಕೆ ಹೋಗಬೇಕಾ? ಅದನ್ನು ಬಗೆಹರಿಸಲು ಆರು ತಿಂಗಳು ಬೇಕಾಯಿತು. ನಡುವೆ ಒಂದು ದೊಡ್ಡ ತಪ್ಪು ಮಾಡಿದೆವು. ಇದೇ ಪ್ರಶ್ನೆ ಇಟ್ಟುಕೊಂಡು ಜಗಳವಾಡುತ್ತಿರುವ ಬೇರೆ ಬಳಗಗಳನ್ನು ನೋಡಿದ ಮೇಲೆ ಇದನ್ನು ಬರೆದಿಡಬೇಕು ಅನ್ನಿಸಿತು.

ಯಾರ ಹೆಸರನ್ನೂ ಹಾಕಿಲ್ಲ. ಕೆಲವರ ಕೆಲಸ, ವಯಸ್ಸು, ಬೀದಿಯ ವಿವರ ಬದಲಿಸಿದ್ದೇನೆ. ಬಳಗದ ಟಿಪ್ಪಣಿ ಪುಸ್ತಕ ನನ್ನ ಹತ್ತಿರವೇ ಇತ್ತು. ತೀರ್ಮಾನಗಳನ್ನು ಅದರಿಂದಲೇ ತೆಗೆದುಕೊಂಡಿದ್ದೇನೆ.

ಹಿನ್ನೆಲೆ

ಬಳಗ ಶುರುವಾದದ್ದು 2007ರಲ್ಲಿ, ನಾಲ್ಕು ಜನರಿಂದ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್, ಅಂದರೆ ಎಫ್‌ಎಸ್‌ಎಕ್ಸ್, 2006ರ ಅಕ್ಟೋಬರ್‌ನಲ್ಲಿ ಬಂದಿತ್ತು. ಎರಡು ಡಿವಿಡಿ, ಒಂದು ಪ್ರಾಡಕ್ಟ್ ಕೀ, ಒಂದು ದಪ್ಪ ಡಬ್ಬಿ. ಪ್ರತಿ ಭಾನುವಾರ ಸಂಜೆ ಒಬ್ಬರ ಮನೆಯ ಮಾಳಿಗೆ ಕೋಣೆಯಲ್ಲಿ ಸೇರುತ್ತಿದ್ದೆವು. ಚಾ, ಗೋಳಿಬಜೆ, ಆಮೇಲೆ ಎಲ್ಲರೂ ಒಟ್ಟಿಗೆ ಹಾರಾಟ. ನಮ್ಮ ವಿಮಾನ ನಿಲ್ದಾಣ ಇರುವ ಬಜ್ಪೆಯಿಂದ ಗೋವಾ, ಬಜ್ಪೆಯಿಂದ ಕೊಚ್ಚಿ, ಮನಸ್ಸು ಬಂದರೆ ಮುಂಬೈ.

ಮುಖ್ಯವಾಗಿ ಮಾತಾಡಿದವರು ನಾಲ್ಕು ಜನ. ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ. ಅವರನ್ನು ಎಲ್ಲರೂ ಮಾಮ ಎಂದೇ ಕರೆಯುತ್ತಿದ್ದೆವು. ಇನ್ನೊಬ್ಬರು ಗಾಡಿ ರಿಪೇರಿ ವರ್ಕ್‌ಶಾಪ್ ನಡೆಸುವ ಅಣ್ಣ. ಮೂರನೆಯವರು ಉಡುಪಿ ಕಡೆಯ ಡಾಕ್ಟ್ರು. ನಾಲ್ಕನೆಯವನು ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ.

ನಮಗೆ ಎಲ್ಲಕ್ಕಿಂತ ಬೆಲೆ ಇದ್ದದ್ದು ವರ್ಕ್‌ಶಾಪ್ ಅಣ್ಣ ಕೂತು ಮಾಡಿದ ಬಜ್ಪೆ. ನಮ್ಮ ವಿಮಾನ ನಿಲ್ದಾಣದ 2,450 ಮೀಟರ್ ಉದ್ದದ ಹೊಸ ರನ್‌ವೇ ಶುರುವಾದದ್ದೂ 2006ರಲ್ಲೇ. ಅದನ್ನು ಆಟದೊಳಗೆ ಅಣ್ಣನೇ ಕೂರಿಸಿದ್ದರು. ಗುಡ್ಡದ ತುದಿ, ಎರಡೂ ಬದಿಯ ಇಳಿಜಾರು, 1,615 ಮೀಟರ್‌ನ ಹಳೆಯ ರನ್‌ವೇ, ಕೆಂಜಾರಿನ ಹೊಸ ಟರ್ಮಿನಲ್. ಎಫ್‌ಎಸ್‌ಎಕ್ಸ್‌ನಲ್ಲಿ ರನ್‌ವೇಗೆ ಏರಿಳಿತ ಕೊಡಲು ಬರುವುದಿಲ್ಲ. ಇಡೀ ನಿಲ್ದಾಣ ಒಂದೇ ಎತ್ತರದಲ್ಲಿ ಚಪ್ಪಟೆಯಾಗಿ ಕೂರುತ್ತದೆ. ಅದಕ್ಕೇ ಅಂಚಿನ ಆಚೆಯ ಆಳವನ್ನು ಸರಿಯಾಗಿ ತೋರಿಸಲು ಅವರು ತಿಂಗಳುಗಟ್ಟಲೆ ಕಷ್ಟಪಟ್ಟಿದ್ದರು. 2010ರ ಮೇ 22ರಂದು ಅಲ್ಲಿ ವಿಮಾನ ದುರಂತದಲ್ಲಿ 158 ಜನ ತೀರಿಕೊಂಡ ಮೇಲೆ ನಮ್ಮಲ್ಲಿ ಒಂದು ನಿಯಮ ಬಂತು. ಯಾರೂ ಹೇಳಿ ಮಾಡಿದ್ದಲ್ಲ. ಬಜ್ಪೆಯಲ್ಲಿ ಇಳಿಯುವಾಗ ಯಾರೂ ಆಟವಾಡುವುದಿಲ್ಲ. ಅಪ್ರೋಚ್, ಅಂದರೆ ಇಳಿಯಲು ಹತ್ತಿರ ಬರುವ ರೀತಿ, ಸರಿ ಇಲ್ಲ ಅನ್ನಿಸಿದರೆ ಗೋ-ಅರೌಂಡ್ ಮಾಡಲೇಬೇಕು, ಇಳಿಯದೆ ಮತ್ತೆ ಮೇಲೇರಬೇಕು. ಹೊಸಬರಿಗೆ ಮೊದಲು ಕಲಿಸುತ್ತಿದ್ದದ್ದೇ ಅದು.

ಹಾಗಾಗಿ ಆಟ ಬದಲಿಸುವ ಮಾತು ಬಂದಾಗ ಎಲ್ಲರ ಮನಸ್ಸಿನಲ್ಲೂ ಒಂದೇ ಭಯ ಇತ್ತು: ಈ ಬಜ್ಪೆ ಏನಾಗುತ್ತದೆ?

ಸಮಸ್ಯೆ

2015ರ ಮೇ ಕೊನೆಯಲ್ಲಿ ಅಣ್ಣನ ಹಾರ್ಡ್ ಡಿಸ್ಕ್ ಹೋಯಿತು. ಅವರು ಮಾಡಿದ ಬಜ್ಪೆ ಸೀನರಿಯ ಪ್ರತಿ ನನ್ನ ಹತ್ತಿರ ಇತ್ತು, ಪುಣ್ಯ. ಹೊಸ ಡಿಸ್ಕ್ ಹಾಕಿ ಎಫ್‌ಎಸ್‌ಎಕ್ಸ್ ಇನ್‌ಸ್ಟಾಲ್ ಮಾಡಲು ಹೊರಟರೆ ಎರಡನೇ ಡಿವಿಡಿ ಓದುತ್ತಲೇ ಇಲ್ಲ. ಬೆಳಕಿಗೆ ಹಿಡಿದು ನೋಡಿದರೆ ಅಂಚಿನಿಂದ ಒಳಕ್ಕೆ ಬೂಸ್ಟು. ಕರಾವಳಿಯಲ್ಲಿ ಕ್ಯಾಮೆರಾ ಲೆನ್ಸ್ ಇಟ್ಟುಕೊಂಡವರಿಗೆ ಇದು ಗೊತ್ತಿರುತ್ತದೆ. ಎಂಟು ಮಳೆಗಾಲ ಕಪಾಟಿನಲ್ಲಿ ಕಳೆದ ಡಿಸ್ಕ್ ಅದು. ಮೆತ್ತಗಿನ ಬಟ್ಟೆಯಲ್ಲಿ ಒರೆಸಿದೆವು, ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿದೆವು. ಆಗಲಿಲ್ಲ. ಕೊನೆಗೆ ಮಾಮನ ಎರಡನೇ ಡಿವಿಡಿ ತಂದು, ಅಣ್ಣನ ಕೀ ಹಾಕಿ, ಕಂಪನಿಗೆ ಫೋನ್ ಮಾಡಿ ಆಕ್ಟಿವೇಶನ್ ಮಾಡಿಸಿದೆವು.

ಆವತ್ತು ಕೆಲಸ ಆಯಿತು. ಆದರೆ ಆ ವಾರ ಉಳಿದವರೂ ತಮ್ಮ ತಮ್ಮ ಡಬ್ಬಿ ತೆರೆದು ನೋಡಿದರು. ಆರು ಜೊತೆ ಡಿಸ್ಕ್‌ಗಳಲ್ಲಿ ಮೂರಕ್ಕೆ ಬೂಸ್ಟು ಹತ್ತಿತ್ತು. ಹೊಸದಾಗಿ ಸೇರಿದ ಮೂವರ ಬಳಿ ಡಬ್ಬಿಯೇ ಇರಲಿಲ್ಲ. ಮಂಗಳೂರಿನ ಅಂಗಡಿಗಳಲ್ಲಿ ಅದು ಸಿಗುವುದು ಯಾವತ್ತೋ ನಿಂತಿತ್ತು.

ಅದೇ ಹೊತ್ತಿಗೆ ಹುಡುಗ ಒಂದು ದಾರಿ ತೋರಿಸಿದ. 2014ರ ಡಿಸೆಂಬರ್‌ನಲ್ಲಿ ಡವ್‌ಟೇಲ್ ಗೇಮ್ಸ್‌ನವರು ಇದೇ ಎಫ್‌ಎಸ್‌ಎಕ್ಸ್ ಅನ್ನು ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಬಿಡುಗಡೆ ಮಾಡಿದ್ದರು. ಆಕ್ಸಿಲರೇಶನ್ ಎಂಬ ಹೆಚ್ಚುವರಿ ಪ್ಯಾಕ್ ಅದರೊಳಗೇ ಸೇರಿತ್ತು. ಹಳೆಯ ಆಟದ ಆನ್‌ಲೈನ್ ಕೂಟ ಗೇಮ್‌ಸ್ಪೈ ಎಂಬ ಸೇವೆಯ ಮೇಲೆ ನಿಂತಿತ್ತು. ಅದು 2014ರ ಮೇ ಕೊನೆಗೆ ಮುಚ್ಚಿಹೋಗಿತ್ತು. ಹೊಸ ಆವೃತ್ತಿಯಲ್ಲಿ ಸ್ಟೀಮ್‌ನ ಮೂಲಕವೇ ಒಟ್ಟಿಗೆ ಹಾರಬಹುದು. ಡಿಸ್ಕ್ ಬೇಡ, ಬೂಸ್ಟಿನ ಚಿಂತೆ ಇಲ್ಲ.

ವಾದ

ಜೂನ್ ಮೊದಲ ಭಾನುವಾರ ನಾಲ್ಕು ಗಂಟೆ ಬರೀ ಮಾತೇ ಆಯಿತು. ಆವತ್ತು ಯಾರೂ ಹಾರಲಿಲ್ಲ.

ಮಾಮ ಡಿಸ್ಕ್ ಪರ ಇದ್ದರು. "ಎಂತ ಮಾರಾಯ, ಈ ಡಬ್ಬಿ ನನ್ನ ಕಪಾಟಲ್ಲಿ ಉಂಟು. ನಾನು ಹೋದ ಮೇಲೆ ಮೊಮ್ಮಗನಿಗೆ ಕೊಡ್ಬಹುದು. ನೀನು ಹೇಳುವ ಆಟ ಎಲ್ಲಿ ಉಂಟು, ತೋರಿಸು" ಎಂದರು.

"ಮಾಮ, ನಿಮ್ಮ ಡಬ್ಬಿಯೂ ಆಕ್ಟಿವೇಶನ್ ಕೇಳ್ತದೆ ಅಲ್ವಾ? ನಾಳೆ ಅವರು ಫೋನ್ ಎತ್ತದಿದ್ರೆ?" ಎಂದು ಹುಡುಗ ಕೇಳಿದ.

ಈ ಪ್ರಶ್ನೆಗೆ ಉತ್ತರ ಬರಲಿಲ್ಲ. ಅಲ್ಲಿವರೆಗೆ ನಾನೂ ಡಿಸ್ಕ್ ಪರವೇ ಇದ್ದೆ. ಆ ಮಾತು ಕೇಳಿದ ಮೇಲೆ ಯೋಚನೆ ಶುರುವಾಯಿತು. ಆಟದ ತಪ್ಪು ಸರಿಪಡಿಸುವ ಎರಡು ಸರ್ವಿಸ್ ಪ್ಯಾಕ್‌ಗಳನ್ನೂ ನಾವು 2007ರಲ್ಲಿ ಡೌನ್‌ಲೋಡ್ ಮಾಡಿಯೇ ಹಾಕಿಕೊಂಡಿದ್ದೆವು. ಅವಿಲ್ಲದೆ ಡಬ್ಬಿಯ ಆಟ ಅರೆಬರೆ. ಅಂದರೆ ಪೂರ್ತಿ ಕೈಯಲ್ಲಿದೆ ಎಂದುಕೊಂಡ ಆಟ ಎಂದೂ ಪೂರ್ತಿ ಕೈಯಲ್ಲಿ ಇರಲಿಲ್ಲ.

ವರ್ಕ್‌ಶಾಪ್ ಅಣ್ಣನ ಚಿಂತೆ ಬೇರೆ: ಇಂಟರ್ನೆಟ್. ಆಗ ನಮ್ಮ ಹೆಚ್ಚಿನವರ ಮನೆಯಲ್ಲಿ 2 ಎಂಬಿಪಿಎಸ್ ಲೈನ್. ತಿಂಗಳ ಮಿತಿ ಮುಗಿದರೆ 512 ಕೆಬಿಪಿಎಸ್‌ಗೆ ಇಳಿಯುತ್ತಿತ್ತು. ಅವರು ಗೋಡೆಯ ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿ ತೋರಿಸಿದರು. ಡೌನ್‌ಲೋಡ್ 10 ಜಿಬಿ ಎಂದೇ ಹಿಡಿಯೋಣ. 512ರಲ್ಲಿ ಅದಕ್ಕೆ 43 ಗಂಟೆ. 2 ಎಂಬಿಪಿಎಸ್ ಪೂರ್ತಿ ಸಿಕ್ಕರೂ 11 ಗಂಟೆ. ಜೂನ್ ತಿಂಗಳಲ್ಲಿ ನಮ್ಮೂರಲ್ಲಿ 11 ಗಂಟೆ ಕರೆಂಟೂ ಲೈನೂ ಒಟ್ಟಿಗೆ ಇರುತ್ತವೆ ಎಂದು ಯಾರು ಹೇಳುತ್ತಾರೆ? ಗುಡುಗು ಕೇಳಿದ ಕೂಡಲೇ ಮೋಡೆಮ್ ವೈರ್ ಕೀಳುವ ಊರು ಇದು.

ದುಡ್ಡಿನದ್ದೂ ಒಂದು ತೊಡಕು. ಆಗ ಸ್ಟೀಮ್‌ನಲ್ಲಿ ನಮಗೆ ಕಾಣುತ್ತಿದ್ದದ್ದು ಡಾಲರ್ ಬೆಲೆ. ನಮ್ಮ ಡೆಬಿಟ್ ಕಾರ್ಡ್‌ಗಳು ಅಲ್ಲಿ ನಡೆಯಲಿಲ್ಲ. ವಿದೇಶಿ ಪಾವತಿಗೆ ಒಪ್ಪುವ ಕ್ರೆಡಿಟ್ ಕಾರ್ಡ್ ಇದ್ದದ್ದು ಮಾಮನ ಹತ್ತಿರ ಮಾತ್ರ.

ಮಾಡಿ ನೋಡಿದ್ದು, ಮತ್ತು ತಪ್ಪಿದ್ದು

ಕೊನೆಗೆ ಒಂದು ರಾಜಿಗೆ ಬಂದೆವು. ಬಳಗಕ್ಕೆ ಒಂದೇ ಅಕೌಂಟ್. ಒಂದು ಪ್ರತಿ ಕೊಳ್ಳುವುದು, ಆಸಕ್ತಿ ಇದ್ದ ಐದು ಜನ ಹಂಚಿಕೊಂಡು ನೋಡುವುದು, ಇಷ್ಟವಾದರೆ ಆಮೇಲೆ ಬೇರೆ ಬೇರೆ ಕೊಳ್ಳುವುದು. ಹುಡುಗ ಅಕೌಂಟ್ ತೆರೆದ, ಮಾಮ ಕಾರ್ಡ್ ಕೊಟ್ಟರು. ಒಂದು ಅಕೌಂಟನ್ನು ಹೀಗೆ ಹಂಚಿಕೊಳ್ಳುವುದು ಆ ಸೇವೆಯ ಒಪ್ಪಂದಕ್ಕೆ ವಿರುದ್ಧ. ನಾವು ಅದನ್ನು ಓದಿರಲಿಲ್ಲ. ಓದಬೇಕಿತ್ತು. ಟಿಪ್ಪಣಿ ಪುಸ್ತಕದಲ್ಲಿ ಈ ತೀರ್ಮಾನದ ಎದುರು ನನ್ನದೇ ಕೈಬರಹದಲ್ಲಿ "ಖರ್ಚು ಕಡಿಮೆ" ಎಂದಷ್ಟೇ ಇದೆ. ಬೇರೆ ಯಾವ ಕಾರಣವನ್ನೂ ನಾವು ತೂಗಿ ನೋಡಿರಲಿಲ್ಲ.

ಡೌನ್‌ಲೋಡ್ ಮಾತ್ರ ನಾವು ಹೆದರಿದಷ್ಟು ಕಷ್ಟ ಆಗಲಿಲ್ಲ. ಡಾಕ್ಟ್ರ ಮನೆಯ ಪ್ಲ್ಯಾನ್‌ನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರ ತನಕ ಬಳಕೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆರು ಗಂಟೆಗೆ 5 ಜಿಬಿ ಚಿಲ್ಲರೆ. ಎರಡು ರಾತ್ರಿಯ ಕೆಲಸ ಸಿಡಿಲಿನಿಂದ ನಾಲ್ಕು ರಾತ್ರಿ ಹಿಡಿಯಿತು, ಅಷ್ಟೇ. ಅರ್ಧದಲ್ಲಿ ನಿಂತರೂ ನಿಂತಲ್ಲಿಂದಲೇ ಮುಂದುವರಿಯಿತು. ಆಮೇಲೆ ಸ್ಟೀಮ್‌ನಲ್ಲೇ ಇರುವ ಬ್ಯಾಕಪ್ ಸೌಲಭ್ಯ ಬಳಸಿ ಹಾರ್ಡ್ ಡಿಸ್ಕ್‌ಗೆ ಪ್ರತಿ ತೆಗೆದೆವು. ಉಡುಪಿಯಿಂದ ಮಂಗಳೂರಿಗೆ ಆಟ ಬಂದದ್ದು ಡಾಕ್ಟ್ರ ಬ್ಯಾಗಿನಲ್ಲಿ, ಬಸ್ಸಿನಲ್ಲಿ.

ತೊಂದರೆ ಶುರುವಾದದ್ದು ಇನ್‌ಸ್ಟಾಲ್ ಆದ ಮೇಲೆ.

ಮೊದಲನೆಯದು ಆಡ್-ಆನ್, ಅಂದರೆ ಆಟಕ್ಕೆ ಬೇರೆಯಾಗಿ ಸೇರಿಸುವ ವಿಮಾನ, ಸೀನರಿ. ಸಿಮ್ ಆಡುವವರಿಗೆ ಗೊತ್ತು, ಆಟಕ್ಕಿಂತ ಆಡ್-ಆನ್‌ಗೆ ಹೋಗುವ ದುಡ್ಡೇ ಜಾಸ್ತಿ. ಡಾಕ್ಟ್ರು ಹೊಸ ಆಟವನ್ನು ಹಳೆಯದರ ಪಕ್ಕದಲ್ಲೇ ಹಾಕಿದ್ದರು. ಆಮೇಲೆ ವಿಮಾನ ಇನ್‌ಸ್ಟಾಲ್ ಮಾಡಿದರೆ ಅದು ಹೊಸ ಆಟದಲ್ಲಿ ಕಾಣಿಸಲೇ ಇಲ್ಲ. ಎರಡು ಸಂಜೆ ತಲೆ ಕೆಡಿಸಿಕೊಂಡೆವು. ಕಾರಣ ಇಷ್ಟು: ಕಂಪ್ಯೂಟರ್‌ನಲ್ಲಿ ಡಬ್ಬಿಯ ಆಟ ಮೊದಲೇ ಇದ್ದರೆ ಸ್ಟೀಮ್ ಆವೃತ್ತಿ ವಿಂಡೋಸ್‌ನ ದಾಖಲೆ ಪಟ್ಟಿಯಾದ ರಿಜಿಸ್ಟ್ರಿಯಲ್ಲಿ ಎಫ್‌ಎಸ್‌ಎಕ್ಸ್-ಎಸ್‌ಇ ಎಂಬ ಬೇರೆ ಹೆಸರು ತೆಗೆದುಕೊಳ್ಳುತ್ತದೆ. ಅದೊಂದೇ ಇದ್ದರೆ ಹಳೆಯ ಹೆಸರಿನಲ್ಲೇ ಕೂರುತ್ತದೆ. ಹಳೆಯ ಇನ್‌ಸ್ಟಾಲರ್‌ಗಳು ಹುಡುಕುವುದು ಹಳೆಯ ಹೆಸರನ್ನು. ಹಾಗಾಗಿ ವಿಮಾನ ನೇರ ಹೋಗಿ ಹಳೆಯ ಆಟದ ಫೋಲ್ಡರ್‌ನಲ್ಲಿ ಕೂತಿತ್ತು. ಹಳೆಯದನ್ನು ಪೂರ್ತಿ ತೆಗೆದು, ಆಮೇಲೆ ಹೊಸದನ್ನು ಹಾಕಿದವರಿಗೆ ಈ ಕಷ್ಟವೇ ಬರಲಿಲ್ಲ.

ಇನ್ನೊಂದು ವಿಮಾನದ ಮೀಟರ್‌ಗಳು ಸತ್ತಂತೆ ನಿಂತಿದ್ದವು. ಅದು ಆಟಕ್ಕೂ ಆಡ್-ಆನ್‌ಗೂ ಕೊಂಡಿಯಾಗುವ ಸಿಮ್‌ಕನೆಕ್ಟ್‌ನ ಹಳೆಯ ಆವೃತ್ತಿಯನ್ನು ಕೇಳುತ್ತಿತ್ತು. ಅದರ ಇನ್‌ಸ್ಟಾಲರ್ ಹೊಸ ಆಟದಲ್ಲಿ ಆಡ್-ಆನ್ ಮಾಡುವವರಿಗಾಗಿ ಇರುವ ಎಸ್‌ಡಿಕೆ ಫೋಲ್ಡರ್‌ನ ಒಳಗೇ ಇತ್ತು. ಹಾಕಿದ ಕೂಡಲೇ ಸರಿಯಾಯಿತು.

ಸರಿಯಾಗದೇ ಹೋದದ್ದೂ ಒಂದಿದೆ. ಮಾಮ 2009ರಲ್ಲಿ ಒಂದು ಚಿಕ್ಕ ಕಂಪನಿಯಿಂದ ವಿಮಾನ ಕೊಂಡಿದ್ದರು. ಆ ಕಂಪನಿಯ ಸೈಟ್ ಮುಚ್ಚಿಹೋಗಿತ್ತು. ರಸೀದಿ ಇತ್ತು, ಸೀರಿಯಲ್ ನಂಬರ್ ಇತ್ತು, ಇನ್‌ಸ್ಟಾಲರ್ ಫೈಲ್ ಇರಲಿಲ್ಲ. ಆರು ವರ್ಷ ಹಾರಿಸಿದ ವಿಮಾನ ಅದು. ಮಾಮ ಏನೂ ಹೇಳಲಿಲ್ಲ. ಆದರೆ ಆ ಸಂಜೆ ಬೇಗ ಎದ್ದು ಮನೆಗೆ ಹೋದರು.

ಅಣ್ಣನ ಬಜ್ಪೆಗೆ ಏನೂ ಆಗಲಿಲ್ಲ. ಫೋಲ್ಡರ್ ನಕಲು ಮಾಡಿ ಸೀನರಿ ಪಟ್ಟಿಗೆ ಸೇರಿಸಿದ್ದೇ, ಐದು ನಿಮಿಷದಲ್ಲಿ ರನ್‌ವೇ 24 ಕಣ್ಣ ಮುಂದೆ ಬಂತು. ಎಲ್ಲರೂ ಹೆದರಿದ್ದು ಇದಕ್ಕೆ. ಇದೇ ಎಲ್ಲಕ್ಕಿಂತ ಸಲೀಸಾಗಿ ದಾಟಿತು. ಅದಕ್ಕೆ ಕೀ ಇರಲಿಲ್ಲ, ಸರ್ವರ್ ಇರಲಿಲ್ಲ, ಯಾರ ಅನುಮತಿಯೂ ಬೇಕಿರಲಿಲ್ಲ.

ಭಾನುವಾರದ ಹಾರಾಟ ಒಡೆದದ್ದು ಮಾತ್ರ ನಿಜವಾದ ನಷ್ಟ. ಡಬ್ಬಿಯ ಆಟದವರೂ ಸ್ಟೀಮ್‌ನವರೂ ಒಂದೇ ಸೆಷನ್‌ನಲ್ಲಿ ಸೇರಲು ಆಗಲಿಲ್ಲ. ಹಂಚಿಕೊಂಡ ಅಕೌಂಟ್‌ನಲ್ಲಿ ಒಬ್ಬರು ಆಟ ತೆರೆದರೆ ಇನ್ನೊಬ್ಬರದು ಕಡಿಯುತ್ತಿತ್ತು. ಮಾಳಿಗೆ ಕೋಣೆಯಲ್ಲಿ ಎರಡು ಮೇಜು, ಎರಡು ಗುಂಪು. ಜುಲೈಯಲ್ಲಿ ಎರಡು ಭಾನುವಾರ ಮೂರೇ ಜನ ಬಂದಿದ್ದರು.

ತಿರುವು

ಜುಲೈ ಕೊನೆಗೆ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಹೋದ. ಆಗಸ್ಟ್‌ನಲ್ಲಿ ಅಣ್ಣ ಹೊಸ ಕಂಪ್ಯೂಟರ್‌ನಲ್ಲಿ ಲಾಗಿನ್ ಮಾಡಲು ಹೋದರೆ ಭದ್ರತಾ ಕೋಡ್ ಕೇಳಿತು. ಕೋಡ್ ಹೋಗುವುದು ಇಮೇಲ್‌ಗೆ. ಇಮೇಲ್ ಹುಡುಗನ ಕಾಲೇಜಿನದ್ದು. ಕೋರ್ಸ್ ಮುಗಿದ ಮೇಲೆ ಕಾಲೇಜು ಅದನ್ನು ಮುಚ್ಚಿತ್ತು.

"ಅಣ್ಣ, ನಾನು ಅದನ್ನು ಯೋಚನೆಯೇ ಮಾಡ್ಲಿಲ್ಲ" ಎಂದ ಫೋನ್‌ನಲ್ಲಿ. ತುಂಬ ನೊಂದುಕೊಂಡಿದ್ದ. ತಪ್ಪು ಅವನೊಬ್ಬನದ್ದೇ ಎಂದು ನಾನು ಈಗಲೂ ಒಪ್ಪುವುದಿಲ್ಲ. ಐದು ಜನ ಬಳಸುವ ಅಕೌಂಟ್ ಯಾವ ಇಮೇಲ್ ಮೇಲೆ ನಿಂತಿದೆ ಎಂದು ನಾವು ಯಾರೂ ಒಮ್ಮೆಯೂ ಕೇಳಿರಲಿಲ್ಲ.

ಬೆಂಬಲದವರಿಗೆ ಬರೆದೆವು. ಖರೀದಿ ನಿಮ್ಮದೇ ಎನ್ನುವುದಕ್ಕೆ ಪುರಾವೆ ಕೇಳಿದರು. ಆಗ ಮಾಮ ತಮ್ಮ ಫೈಲ್ ತಂದರು. ಆ ದಿನದ ರಸೀದಿಯನ್ನು ಪ್ರಿಂಟ್ ತೆಗೆದು, ಮೇಲೆ ದಿನಾಂಕ ಬರೆದು, ಕಾರ್ಡ್ ಸ್ಟೇಟ್‌ಮೆಂಟ್ ಜೊತೆ ಪಂಚ್ ಮಾಡಿ ಇಟ್ಟಿದ್ದರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಮಾಡಿದ ಅಭ್ಯಾಸ ಅದು. ಆ ಕಾಗದದ ಬಲದಿಂದ ಎರಡು ವಾರದಲ್ಲಿ ಅಕೌಂಟ್ ವಾಪಸ್ ಬಂತು.

ಅದನ್ನು ಯಾರ ಹೆಸರಿಗೆ ಮಾಡುವುದು? ಕಾರ್ಡ್ ಮಾಮನದ್ದು, ಕಾಗದ ಮಾಮನದ್ದು. ಅವರಿಗೇ ಸೇರಬೇಕು ಎಂದು ಎಲ್ಲರೂ ಹೇಳಿದೆವು. ಅವರು ತಮ್ಮದೇ ಇಮೇಲ್ ಹಾಕಿ, ಪಾಸ್‌ವರ್ಡ್ ಬದಲಿಸಿದರು. ಉಳಿದ ನಾಲ್ವರು ಆವತ್ತೇ ಹೊರಬಂದೆವು.

ಆ ರಾತ್ರಿ ನಾವು ಮೊದಲ ಸಲ ಸರಿಯಾದ ಪ್ರಶ್ನೆ ಕೇಳಿಕೊಂಡೆವು. ಮೂರು ತಿಂಗಳು "ಡಿಸ್ಕಾ, ಡೌನ್‌ಲೋಡಾ" ಎಂದು ಹಗ್ಗ ಜಗ್ಗಿದ್ದೆವು. ಈಗ ಪ್ರತಿಯೊಂದು ವಸ್ತುವನ್ನೂ ಎದುರಿಗಿಟ್ಟು ಕೇಳಿದ್ದು ಬೇರೆ: ನಾಳೆ ಕಂಪ್ಯೂಟರ್ ಸುಟ್ಟುಹೋದರೆ ಇದನ್ನು ಮತ್ತೆ ಹೇಗೆ ತರುತ್ತೇವೆ, ಅದರ ಬೀಗದ ಕೈ ಯಾರ ಹತ್ತಿರ ಇದೆ? ಈ ಪ್ರಶ್ನೆಗೆ ಡಿಸ್ಕ್‌ನಲ್ಲೂ ಅರ್ಧ ಉತ್ತರ ಇತ್ತು, ಡೌನ್‌ಲೋಡ್‌ನಲ್ಲೂ ಅರ್ಧವೇ.

ಆಮೇಲೆ

ಅದರಿಂದ ಬಂದ ನಿಯಮಗಳು ಸರಳ. ಪ್ರತಿಯೊಬ್ಬರಿಗೂ ಸ್ವಂತ ಅಕೌಂಟ್, ಸ್ವಂತ ಇಮೇಲ್. ಕಾಲೇಜಿನದ್ದೂ ಬೇಡ, ಕಂಪನಿಯದ್ದೂ ಬೇಡ. ಖರೀದಿಯ ರಸೀದಿ ಕಾಗದದಲ್ಲಿ. ಕೊಂಡ ಆಡ್-ಆನ್‌ನ ಇನ್‌ಸ್ಟಾಲರ್ ಕೊಂಡ ದಿನವೇ ಎರಡು ಹಾರ್ಡ್ ಡಿಸ್ಕ್‌ಗೆ. ಒಂದು ನನ್ನ ಮನೆಯಲ್ಲಿ, ಒಂದು ಉಡುಪಿಯಲ್ಲಿ, ಎರಡೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ. ಯಾರದ್ದು ಅವರಿಗೆ, ಇನ್ನೊಬ್ಬರಿಗೆ ನಕಲಿಲ್ಲ. ಒಳ್ಳೆಯ ಸ್ಥಿತಿಯಲ್ಲಿದ್ದ ಮೂರು ಜೊತೆ ಡಿವಿಡಿಗಳ ಪ್ರತಿಯನ್ನೂ ಅವರವರಿಗಾಗಿ ಅಲ್ಲೇ ಇಟ್ಟೆವು.

2015ರ ನವೆಂಬರ್‌ನಲ್ಲಿ ಸ್ಟೀಮ್‌ನಲ್ಲಿ ರೂಪಾಯಿ ಬೆಲೆ ಬಂತು. ವರ್ಷ ಮುಗಿಯುವುದರೊಳಗೆ ಒಂಬತ್ತರಲ್ಲಿ ಏಳು ಜನ ಸ್ವಂತ ಪ್ರತಿ ಹೊಂದಿದ್ದರು. ಡಾಕ್ಟ್ರ ಬ್ಯಾಕಪ್ ಡಿಸ್ಕ್ ಮನೆಯಿಂದ ಮನೆಗೆ ಹೋಯಿತು. ಹಾಗಾಗಿ ಯಾರೂ ಮತ್ತೆ ರಾತ್ರಿ ಎದ್ದು ಡೌನ್‌ಲೋಡ್ ನೋಡಬೇಕಾಗಲಿಲ್ಲ. ಇಬ್ಬರು ಡಬ್ಬಿಯ ಆಟದಲ್ಲೇ ಉಳಿದರು. ಅವರನ್ನು ಒತ್ತಾಯಿಸಬಾರದು ಎಂದು ಮೊದಲೇ ನಿರ್ಧರಿಸಿದ್ದೆವು. ಭಾನುವಾರದ ಹಾರಾಟವನ್ನು ಆಟದ ಒಳಗಿನ ಸೆಷನ್‌ನಿಂದ ವ್ಯಾಟ್‌ಸಿಮ್‌ಗೆ ಬದಲಿಸಿದೆವು. 2001ರಿಂದ ನಡೆಯುತ್ತಿರುವ ಈ ಜಾಲಕ್ಕೆ ಎರಡೂ ಆವೃತ್ತಿಯವರು ಸೇರಬಹುದು. ಡಿಸೆಂಬರ್ ಮೊದಲ ಭಾನುವಾರ ಒಂಬತ್ತೂ ವಿಮಾನಗಳು ಬಜ್ಪೆಯಿಂದ ಒಂದರ ಹಿಂದೆ ಒಂದು ಎದ್ದವು. ಪುಸ್ತಕದ ಆ ಪುಟದಲ್ಲಿ ಎಣ್ಣೆ ಕಲೆ ಇದೆ, ಗೋಳಿಬಜೆಯದ್ದು.

ಇದನ್ನೇ ಮತ್ತೆ ಮಾಡಬೇಕಾಗಿ ಬಂದರೆ ಎರಡು ಕೆಲಸ ಬೇರೆ ರೀತಿ ಮಾಡುತ್ತೇನೆ. ಮೊದಲು, ಒಬ್ಬರು ಮಾತ್ರ ಒಂದು ತಿಂಗಳು ಬದಲಾಗಿ ನೋಡಲಿ, ಉಳಿದವರು ಕಾಯಲಿ. ಐದು ಜನ ಒಟ್ಟಿಗೆ ಅರ್ಧ ದಾಟಿದ್ದರಿಂದಲೇ ಬಳಗ ಎರಡಾಯಿತು. ಎರಡನೆಯದು, ವಾದ ಮಾಡುವ ಮೊದಲು ಎಲ್ಲರೂ ತಮ್ಮ ಆಡ್-ಆನ್ ಪಟ್ಟಿ ಬರೆದು, ಪ್ರತಿಯೊಂದರ ಇನ್‌ಸ್ಟಾಲರ್ ಎಲ್ಲಿದೆ ಎಂದು ನೋಡಿಕೊಳ್ಳಲಿ. ಮೇ ತಿಂಗಳಲ್ಲೇ ನೋಡಿದ್ದರೆ ಮಾಮ ತಮ್ಮ ಹಳೆಯ ಆಟವನ್ನು ತೆಗೆಯುತ್ತಲೇ ಇರಲಿಲ್ಲ. ಆ ವಿಮಾನ ಉಳಿಯುತ್ತಿತ್ತು.

ನಮ್ಮ ನಿಯಮಗಳು ಎಲ್ಲ ಕಾಲಕ್ಕೂ ಸಾಕಾಗಲಿಲ್ಲ ಎನ್ನುವುದನ್ನೂ ಹೇಳಬೇಕು. 2020ರ ಆಗಸ್ಟ್ 18ರಂದು ಹೊಸ ಫ್ಲೈಟ್ ಸಿಮ್ಯುಲೇಟರ್ ಬಂದಾಗ ಗಾತ್ರ 90 ಜಿಬಿ ಆಸುಪಾಸು. ಯುರೋಪಿನಲ್ಲಿ ಅದನ್ನು ಹತ್ತು ಡಿವಿಡಿಗಳಲ್ಲೂ ಮಾರಿದರು. ಆಗ ನಮ್ಮಲ್ಲಿ ಹೆಚ್ಚಿನವರಿಗೆ ಫೈಬರ್ ಬಂದಿತ್ತು. 40 ಎಂಬಿಪಿಎಸ್‌ನಲ್ಲಿ ಐದು ಗಂಟೆಯ ಕೆಲಸ, ವಾದವೇ ಏಳಲಿಲ್ಲ. 2024ರ ನವೆಂಬರ್ 19ರಂದು ಬಂದ ಆವೃತ್ತಿ ಇನ್ನೂ ಮುಂದೆ ಹೋಗಿದೆ. ನೆಲ, ವಿಮಾನ, ಬಹುಪಾಲು ಎಲ್ಲವೂ ಹಾರುತ್ತಿರುವಾಗಲೇ ನೆಟ್‌ನಿಂದ ಹರಿದು ಬರುತ್ತದೆ. ಒಬ್ಬರು ಇಳಿಸಿ ಉಳಿದವರು ನಕಲು ಮಾಡಿಕೊಳ್ಳುವ ನಮ್ಮ ದಾರಿ ಅಲ್ಲಿ ನಡೆಯುವುದಿಲ್ಲ. ಬಳಗದಲ್ಲಿ ಈಗ ಅದರ ಮಾತು ನಡೆಯುತ್ತಿದೆ. ಅಣ್ಣ ತಮ್ಮ ಬಜ್ಪೆಯನ್ನು ಅದಕ್ಕಾಗಿ ಹೊಸದಾಗಿ ಕಟ್ಟಬೇಕಾ ಎಂದು ಯೋಚಿಸುತ್ತಿದ್ದಾರೆ.

ಮಾಮ 2024ರ ಕೊನೆಗೆ ಮಗಳ ಮನೆಗೆಂದು ಬೆಂಗಳೂರಿಗೆ ಹೋದರು. ಹೊರಡುವ ಮೊದಲಿನ ಆದಿತ್ಯವಾರ ಡಬ್ಬಿ ಹಿಡಿದುಕೊಂಡು ಬಂದರು. ಎರಡು ಡಿವಿಡಿ, ಕೀ ಬರೆದ ಚೀಟಿ, ಆ ಕಳೆದುಹೋದ ವಿಮಾನದ ರಸೀದಿ ಕೂಡ. ಮೊಮ್ಮಗನಿಗೆ ಇದರಲ್ಲಿ ಆಸಕ್ತಿ ಇಲ್ಲವಂತೆ. ನಮ್ಮಲ್ಲಿ ಹೊಸದಾಗಿ ಸೇರಿದ್ದ ಪಿಯುಸಿ ಹುಡುಗಿಯೊಬ್ಬಳ ಕೈಗೆ ಕೊಟ್ಟರು.

"ಮಾಮ, ಮತ್ತೆ ಸ್ಟೀಮಿದ್ದು?" ಎಂದು ಅವಳು ಕೇಳಿದಳು.

"ಅದು ಕೊಡ್ಲಿಕ್ಕೆ ಬರುದಿಲ್ಲ ಮಗಾ" ಎಂದರು. "ಅದು ನನ್ನ ಒಟ್ಟಿಗೇ ಇರ್ಲಿ. ಅಲ್ಲಿಂದಲೇ ಬರ್ತೇನೆ, ಆರು ಗಂಟೆಗೆ."

ಮುಂದಿನ ಭಾನುವಾರ ಆರಕ್ಕೆ ಐದು ನಿಮಿಷ ಇರುವಾಗ ಅವರ ವಿಮಾನ ಬಜ್ಪೆಯ ಏಪ್ರನ್‌ನಲ್ಲಿ ಬಂದು ನಿಂತಿತ್ತು.